ಒಂದೇ ಕಾರಿನಲ್ಲಿ ಎರಡು ಓಟು

ಅಮೆರಿಕದ ವೆಸ್ಟ್ ವಿಂಡ್ಸರ್‌ನಲ್ಲಿ ನಮ್ಮ ಪಕ್ಕದ ಟೌನ್‌ಹೌಸಿನಲ್ಲಿ ಮಾಲ್ಡೋವದ ವಯಸ್ಸಾದ ದಂಪತಿ ಇದ್ದಾರೆ. ಸೋವಿಯತ್ ಒಕ್ಕೂಟ ಒಡೆದಾಗ ಸ್ವತಂತ್ರವಾದ ಪುಟ್ಟ ದೇಶ ಅದು. ಆಕೆ ಅಲ್ಲಿ ಪ್ರೈಮರಿ ಶಾಲೆಯ ಟೀಚರ್ ಆಗಿದ್ದರು, ಆತ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಎಂಜಿನಿಯರ್. ಇಬ್ಬರೂ ಅಲ್ಲಿಯ ಪೌರತ್ವ ಬಿಟ್ಟಿಲ್ಲ.

ಮಾಲ್ಡೋವದ ಕಳೆದ ಚುನಾವಣೆಯ ದಿನ ಅವರ ಮಗಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು. ಹೊರದೇಶದಲ್ಲಿರುವ ಅವರ ದೇಶದವರಿಗಾಗಿ ನ್ಯೂಯಾರ್ಕಿನಲ್ಲಿ ತೆರೆದಿದ್ದ ಮತಗಟ್ಟೆಗೆ ಅವರನ್ನು ನಾನೇ ಕರೆದುಕೊಂಡು ಹೋದೆ. ಟರ್ನ್‌ಪೈಕ್ ಹೆದ್ದಾರಿ ಸೇರುವ ಮೊದಲೇ ಗೊತ್ತಾಯಿತು, ಇಬ್ಬರ ಪಕ್ಷವೂ ಬೇರೆ ಬೇರೆ. ಜಗಳ ಅವರ ಭಾಷೆಯಲ್ಲಿ ನಡೆಯುತ್ತಿತ್ತು. ನನ್ನನ್ನು ಸಾಕ್ಷಿಗೆ ಎಳೆಯಬೇಕಾದಾಗ ಮಾತ್ರ ಇಂಗ್ಲಿಷಿಗೆ ಬರುತ್ತಿತ್ತು.

ಸ್ವಾತಂತ್ರ್ಯದ ಹೊತ್ತಿಗೆ ಅವರ ಭಾಷೆಯ ಲಿಪಿಯೇ ಬದಲಾಯಿತಂತೆ. ರಷ್ಯನ್ ಅಕ್ಷರ ಹೋಗಿ ರೋಮನ್ ಅಕ್ಷರ ಬಂತು. ಹಿಂದಿನ ದಿನ ತಾವು ಕಲಿತದ್ದನ್ನೇ ಆಕೆ ಮರುದಿನ ಮಕ್ಕಳಿಗೆ ಕಲಿಸುತ್ತಿದ್ದರಂತೆ. ಅಷ್ಟು ಖುಷಿಯಿಂದ ಇನ್ಯಾವತ್ತೂ ಪಾಠ ಮಾಡಿಲ್ಲ ಎಂದರು. ಆತನಿಗೆ ಅದೇ ಕಾಲ ಬೇರೆ ರೀತಿ ನೆನಪಿತ್ತು. ಕಾರ್ಖಾನೆಯ ಷೇರುಗಳನ್ನು ಕೆಲಸಗಾರರಿಗೆ ಹಂಚಿದರು. ಚಳಿಗಾಲ, ಕರೆಂಟಿಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ. ಹಳೆಯ ಮ್ಯಾನೇಜರು ಸಕ್ಕರೆ, ಎಣ್ಣೆ ಕೊಟ್ಟು ಷೇರುಗಳನ್ನೆಲ್ಲ ಕೊಂಡುಕೊಂಡು ಯಂತ್ರಗಳನ್ನು ಗುಜರಿಗೆ ಹಾಕಿದ. ಆಮೇಲೆ ಎಲೆಕ್ಷನ್ನಿಗೂ ನಿಂತು ಗೆದ್ದ.

ಮತಗಟ್ಟೆಯ ಕ್ಯೂ ಕಟ್ಟಡದ ಮೂಲೆ ಸುತ್ತಿ ಬಂದಿತ್ತು. ನಿಮ್ಮಿಬ್ಬರ ಓಟು ಒಂದನ್ನೊಂದು ಹೊಡೆದುಹಾಕುತ್ತದಲ್ಲ, ಮನೆಯಲ್ಲೇ ಇರಬಹುದಿತ್ತಲ್ಲವೇ ಎಂದು ಆಕೆಯನ್ನು ಕೇಳಿದೆ.

“ಮದುವೆಯಾದ ಹೊಸದರಲ್ಲಿ, ಸೋವಿಯತ್ ಕಾಲದಲ್ಲಿ, ಓಟಿನ ಚೀಟಿಯಲ್ಲಿ ಒಂದೇ ಹೆಸರು ಇರ್ತಿತ್ತು. ಇಬ್ಬರೂ ಅದನ್ನೇ ಡಬ್ಬಕ್ಕೆ ಹಾಕಿ ಬರ್ತಿದ್ವಿ. ಆಗ ಜಗಳ ಇರ್ಲಿಲ್ಲ,” ಎಂದರು. ಆಮೇಲೆ ನಕ್ಕು, “ನಾನು ಬರದೇ ಇದ್ರೂ ಇವರಂತೂ ಬರ್ತಿದ್ರು,” ಎಂದು ಸೇರಿಸಿದರು.

ಆಕೆಯ ಪಕ್ಷ ಸ್ವಲ್ಪದರಲ್ಲಿ ಗೆದ್ದಿತು, ಅದೂ ಹೊರದೇಶದಲ್ಲಿರುವವರ ಓಟಿನಿಂದ. ಆತ ಎರಡು ದಿನ ಹೊರಗೆ ಕಾಣಿಸಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಕಸದ ಡಬ್ಬ ಎಳೆದುಕೊಂಡು ಬಂದವರು ನನ್ನನ್ನು ನೋಡಿ ನಿಂತರು.

“ಇಲ್ಲಿ ಬೆಚ್ಚಗೆ ಕೂತೋರು ಅಲ್ಲಿರೋರಿಗೆ ಸರ್ಕಾರ ಆರಿಸಿಕೊಡೋದು ಸರೀನಾ?”

“ನೀವೂ ಇಲ್ಲಿಂದಲೇ ಹಾಕಿದ್ರಲ್ಲ,” ಎಂದೆ.

“ಹೌದು. ಅದಕ್ಕೇ ಕೇಳ್ತಿದೀನಿ.”

ಅಮೆರಿಕದ ಪೌರತ್ವ ತೆಗೆದುಕೊಂಡಾಗಲೇ ಮೈಸೂರಿನ ಓಟು ಬಿಟ್ಟುಕೊಟ್ಟವಳು ನಾನು. ಆ ಬಗ್ಗೆ ಒಂದು ದಿನವೂ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಅಷ್ಟರಲ್ಲಿ ಆಕೆ ಬಾಗಿಲಿಗೆ ಬಂದು, ಕಾಫಿ ಆರಿಹೋಗುತ್ತಿದೆ ಎಂದು ಇಬ್ಬರನ್ನೂ ಒಳಗೆ ಕರೆದರು.