ಬಾಯ್ತೆರೆದ ಮೀನುಗಳು

ಚಪ್ಪಡಿಗೆ ಕಿವಿಯಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಲ್ಲು ಎಲ್ಲಿ ಸೀಳುತ್ತದೆಂದು ಹೇಳಬಲ್ಲವಳು ಆ ಗಣಿಯಲ್ಲಿ ಅವಳೊಬ್ಬಳೇ. ಅದಕ್ಕೇ ಎಲ್ಲರ ಬಾಯಲ್ಲಿ ಅವಳು ಕಿವಿಯಕ್ಕ. ಗಂಡ ತೀರಿಕೊಂಡ ಮೇಲೆ ಅವನ ಉಳಿಯನ್ನೇ ಹಿಡಿದು ಕೆಲಸಕ್ಕಿಳಿದಿದ್ದಳು. ಮೊದಲ ವರ್ಷ ನಕ್ಕವರೇ ಎರಡನೇ ವರ್ಷ ತಮ್ಮ ಕಲ್ಲು ಹೊತ್ತುಕೊಂಡು ಅವಳ ಮುಂದೆ ನಿಂತರು.

"ನಮ್ಮತ್ತಿಗೆಗೆ ಕಲ್ಲು ಪಿಸುಗುಟ್ಟಿದ್ರೂ ಕೇಳುತ್ತೆ, ನಾವು ಕೂಗಿದ್ರೆ ಮಾತ್ರ ಕೇಳಲ್ಲ," ಎಂದು ಜೊತೆಗೇ ದುಡಿಯುತ್ತಿದ್ದ ಮೈದುನ ಚೇಷ್ಟೆ ಮಾಡುತ್ತಿದ್ದ.

ಅಲ್ಲಿಯದು ಬೂದು ಕಲ್ಲು, ಪದರ ಪದರವಾಗಿ ಏಳುವಂಥದ್ದು. ಒಳಗೆ ಆಗಾಗ ಎಲೆಯ ಅಚ್ಚೋ ಚಿಪ್ಪಿನ ಗುರುತೋ ಸಿಗುತ್ತಿತ್ತು. ಕೊಳ್ಳುವವರು ಕಲೆಯೆಂದು ಮೂಗು ಮುರಿಯುತ್ತಿದ್ದರಿಂದ ಅಂಥವನ್ನು ಪಕ್ಕಕ್ಕೆ ಎಸೆಯುತ್ತಿದ್ದರು.

ಆ ವರ್ಷ ತೀರ ಕೆಳಗಿನ ಗುಂಡಿಯಿಂದ ಬಾಗಿಲಷ್ಟು ದೊಡ್ಡ ಚಪ್ಪಡಿ ಮೇಲೆ ಬಂತು. ತಟ್ಟಿದರೆ ಒದ್ದೆ ಮಣ್ಣಿಗೆ ಹೊಡೆದಂತೆ ಸದ್ದು. ಆದರೂ ಉಳಿಯಿಟ್ಟಳು. ಕಲ್ಲು ಎರಡು ಹೋಳಾಯಿತು. ಒಳಗೆ ಮೀನುಗಳು, ನೂರೋ ಇನ್ನೂರೋ. ಎಲ್ಲದರ ತಲೆಯೂ ಒಂದೇ ಕಡೆಗೆ. ಎಲ್ಲದರ ಬಾಯೂ ತೆರೆದಿತ್ತು.

ಸುದ್ದಿ ಕೇಳಿ ಕಾಲೇಜಿನ ಮೇಷ್ಟ್ರೊಬ್ಬರು ಬಂದರು. ಮಂಡಿಯೂರಿ ಬಹಳ ಹೊತ್ತು ನೋಡಿದರು.

"ಕೋಟಿಗಟ್ಟಲೆ ವರ್ಷದ ಹಿಂದೆ ಇಲ್ಲಿ ಕೆರೆ ಇತ್ತಮ್ಮ. ನೀರಲ್ಲಿ ಉಸಿರಾಡೋಕಾಗದೆ ಎಲ್ಲ ಒಂದೇ ಕಡೆ ನುಗ್ಗಿರಬೇಕು. ಒಂದೇ ದಿನದಲ್ಲಿ ಮುಗಿದಿರಬಹುದು."

"ಅವಕ್ಕೆ ಮೊದಲೇ ಗೊತ್ತಾಗ್ಲಿಲ್ವಾ ಸಾರ್?"

"ಗೊತ್ತಾಗೋ ಹೊತ್ತಿಗೆ ತಡ ಆಗಿರುತ್ತಮ್ಮ."

ಚಪ್ಪಡಿಯನ್ನು ಅವರು ಲಾರಿಯಲ್ಲಿ ಒಯ್ದರು. ಅವಳಿಗೆ ಮಾತ್ರ ಊಟ ಸೇರದಾಯಿತು. ಮನೆಯವರೆಲ್ಲ ಸಾಲಾಗಿ ಕೂತು ತುತ್ತಿಗೆ ಬಾಯಿ ತೆರೆದಾಗ ತಲೆ ತಗ್ಗಿಸಿಬಿಡುತ್ತಿದ್ದಳು.

ಹದಿನೈದು ದಿನವಾಗಿರಬೇಕು. ಮೂರು ದಿನ ಬಿಡದೆ ಮಳೆ ಸುರಿದು, ಮೋಡ ಇನ್ನೂ ತಲೆಯ ಮೇಲೇ ಕೂತಿದ್ದ ಬೆಳಗ್ಗೆ ಕೆಲಸ ಶುರುವಾಯಿತು. ಆ ಕೆಳಗಿನ ಗುಂಡಿಯ ಅಂಚಿಗೆ ಬಂದವಳು ಗಕ್ಕನೆ ನಿಂತಳು. ಮಳೆ ಬಿದ್ದರೆ ಅಲ್ಲಿ ಕಪ್ಪೆಗಳ ಗಲಾಟೆಗೆ ಮಾತೇ ಕೇಳುತ್ತಿರಲಿಲ್ಲ. ಈಗ ಒಂದು ಸೊಲ್ಲಿಲ್ಲ. ಬಗ್ಗಿ ನೋಡಿದಳು. ಕೆಳಗಿನ ಮೆಟ್ಟಿಲುಗಳ ಮೇಲೆ ಕಪ್ಪೆಗಳು ಬಿದ್ದಿದ್ದವು. ಎಲ್ಲವೂ ಮೇಲಕ್ಕೇ ಮುಖ ಮಾಡಿ, ಬಾಯಿ ತೆರೆದು.

"ಯಾರೂ ಇಳೀಬೇಡಿ!"

ಮೇಸ್ತ್ರಿ ರೇಗಿದ. "ನಾಲ್ಕು ಕಪ್ಪೆ ಸತ್ರೆ ಕೆಲಸ ನಿಲ್ಲಿಸೋಕಾಗುತ್ತೇನಮ್ಮ?"

ಅವಳು ಒಂದು ಲಾಟೀನು ಹಚ್ಚಿ ಹಗ್ಗದಲ್ಲಿ ಇಳಿಬಿಟ್ಟಳು. ಅರ್ಧ ದಾರಿಯಲ್ಲಿ ದೀಪ ಸಣ್ಣಗಾಯಿತು, ಆರಿತು. ಗಾಳಿ ಒಂದಿಷ್ಟೂ ಬೀಸುತ್ತಿರಲಿಲ್ಲ. ಮತ್ತೆ ಹಚ್ಚಿ ಬಿಟ್ಟಳು. ಸರಿಯಾಗಿ ಅದೇ ಆಳದಲ್ಲಿ, ಯಾರೋ ಊದಿದ ಹಾಗೆ, ಮತ್ತೆ ಆರಿತು.

"ಎಣ್ಣೆ ಮುಗಿದಿರಬೇಕು. ನನ್ನ ಸುತ್ತಿಗೆ ಕೆಳಗೇ ಇದೆ, ತಂದ್ಬಿಡ್ತೀನಿ," ಎಂದ ಮೈದುನ. ಹಟ ಹಿಡಿದರೆ ಅವನು ಯಾರಪ್ಪನ ಮಾತೂ ಕೇಳುವವನಲ್ಲ.

"ಹೋಗೋದಾದ್ರೆ ಸೊಂಟಕ್ಕೆ ಹಗ್ಗ ಕಟ್ಕೊಂಡು ಹೋಗು. ಇಲ್ದಿದ್ರೆ ನನ್ನ ಹೆಣ ದಾಟ್ಕೊಂಡು ಹೋಗು."

ನಗುತ್ತಲೇ ಕಟ್ಟಿಕೊಂಡು ಇಳಿದ. ದೀಪ ಆರಿದ ಆಳ ಬಂತು, ಎರಡು ಮೆಟ್ಟಿಲು ದಾಟಿದ. ಕೂಗಲಿಲ್ಲ, ಕೆಮ್ಮಲಿಲ್ಲ, ಮೆಲ್ಲಗೆ ಕುಸಿದು ಕೂತ.

ಐದು ಜನ ಸೇರಿ ಎಳೆದರು. ಮೇಲೆ ಬಂದಾಗ ಅವನ ಕಣ್ಣೂ ಬಾಯಿಯೂ ತೆರೆದಿದ್ದವು. ಅವಳು ಕೆನ್ನೆಗೆ ಛಟೀರೆಂದು ಬಾರಿಸಿದಳು, ಎದೆ ಒತ್ತಿದಳು, ಹೆಸರು ಹಿಡಿದು ಅರಚಿದಳು. ಕೊನೆಗೆ ಸೀಟಿಯಂಥ ಸದ್ದಿನೊಂದಿಗೆ ಉಸಿರು ಒಳಗೆ ಹೋಯಿತು.

ಸಂಜೆ ಆಸ್ಪತ್ರೆಯ ಮಂಚದಲ್ಲಿ ಅವನೇ ಹೇಳಿದ: "ಭಯ ಏನೂ ಆಗ್ಲಿಲ್ಲ ಅತ್ತಿಗೆ. ಚೆನ್ನಾಗಿ ನಿದ್ದೆ ಬಂದಂಗಾಯ್ತು, ಅಷ್ಟೇ."

ಆ ರಾತ್ರಿಯಿಡೀ ಅವಳು ಮಂಚದ ಪಕ್ಕ ಕೂತು ಅವನ ಉಸಿರಿಗೆ ಕಿವಿಯಿಟ್ಟಳು.

ವಿಷಗಾಳಿ ನಿಂತ ಆ ಗುಂಡಿಯನ್ನು ಮಣ್ಣು ಹಾಕಿ ಮುಚ್ಚಿಸಿದರು. ಮೈದುನ ಗಣಿ ಬಿಟ್ಟು ಲಾರಿ ಓಡಿಸತೊಡಗಿದ. ಕಿವಿಯಕ್ಕ ಮತ್ತೂ ಹನ್ನೊಂದು ವರ್ಷ ಮೇಲಿನ ಗುಂಡಿಗಳಲ್ಲಿ ದುಡಿದಳು. ಮೊದಲು ಅವಳ ದೀಪ ಇಳಿಯದೆ ಯಾರೂ ಇಳಿಯುತ್ತಿರಲಿಲ್ಲ, ಮೇಸ್ತ್ರಿಯೂ ಸಹ. ಮೈದುನ ಮನೆಗೆ ಬಂದು ಮಾತಿನ ನಡುವೆ ತೂಕಡಿಸಿದರೆ ಮಾತ್ರ ಅವಳು ಬಿಡುತ್ತಿರಲಿಲ್ಲ, ಭುಜ ಹಿಡಿದು ಅಲುಗಿಸಿ ಎಬ್ಬಿಸುತ್ತಿದ್ದಳು. ಅವನು ನಗುತ್ತಿದ್ದ. ಅವಳು ನಗುತ್ತಿರಲಿಲ್ಲ.