ಲಾಕರಿನಲ್ಲಿ ಉಳಿದ ತಾಳಿ

ಕಾಶವ್ವ ವಿಲಾಯತಿಯಲ್ಲಿ ಪಾರ್ಕ್ ರಾಯಲ್‌ನ ಮೊಸರಿನ ಕಾರ್ಖಾನೆಗೆ ಸೇರಿ ಒಂಬತ್ತು ವರ್ಷವಾಗಿತ್ತು. ದಿನವೂ ಬೆಳಿಗ್ಗೆ ಆರಕ್ಕೆ ಬಳೆ, ಮೂಗುತಿ, ತಾಳಿ ತೆಗೆದು ಲಾಕರಿನಲ್ಲಿಟ್ಟು, ಕುಂಕುಮ ಒರೆಸಿ, ನೀಲಿ ಟೋಪಿ ತೊಡುತ್ತಿದ್ದಳು. ಮೊಸರಿನಲ್ಲಿ ಒಂದು ಕರಿಮಣಿ ಬಿದ್ದರೂ ಅಂದಿನ ಮಾಲೆಲ್ಲ ಚೆಲ್ಲಬೇಕಿತ್ತು. ಎರಡಕ್ಕೆ ಪಾಳಿ ಮುಗಿದರೆ ಎಲ್ಲವೂ ಮತ್ತೆ ಮೈಮೇಲೆ.

ಗಂಡ ಬಸವಂತಪ್ಪನಿಗೆ ಇದು ಗೊತ್ತಿತ್ತು. ಬೆಳಗಾವಿಯಿಂದ ಬಂದಿದ್ದ ಅತ್ತೆ ಪಾರ್ವತೆವ್ವನಿಗೆ ಹೇಳಿರಲಿಲ್ಲ. ಗಂಡ ಇರುವಾಗ ತಾಳಿ ಬಿಚ್ಚಿದವಳ ಕೈಯಿಂದ ನೀರೂ ಕುಡಿಯುವುದಿಲ್ಲ ಎಂದು ಓಣಿಯ ಒಬ್ಬ ಸೊಸೆಯ ಬಗ್ಗೆ ಅತ್ತೆ ಹಿಂದೊಮ್ಮೆ ಅಂದಿದ್ದಳು.

ಆ ಮಂಗಳವಾರ ಬಸ್ಸಿನ ಅವಸರದಲ್ಲಿ ಕಾಶವ್ವ ಬಳೆ ಏರಿಸಿಕೊಂಡಳು, ತಾಳಿ ಲಾಕರಿನಲ್ಲೇ ಉಳಿಯಿತು. ಮನೆಯಲ್ಲಿ ಹೀಟರ್ ಉರಿಯುತ್ತಿದ್ದರೂ ಗಂಟಲು ಮುಚ್ಚುವ ಸ್ವೆಟರ್ ತೊಟ್ಟು ಹಿಟ್ಟು ನಾದುತ್ತಿದ್ದಳು. ಅತ್ತೆ ಮೆಂತ್ಯ ಸೋಸುತ್ತಿದ್ದಳು. ಹನ್ನೆರಡರ ಮಗಳು ಅಂಕಿತಾ ಅಜ್ಜಿಗೆ ಶಾಲೆಯ ಪಾಠ ಒಪ್ಪಿಸುತ್ತಿದ್ದಳು.

"ಆಯಿ, ಗ್ರೀಕರಿಗೆ ಈ ಸಿಥಿಯನ್ಸ್ ಅನ್ನೋ ಅಲೆಮಾರಿ ಮಂದಿ ಟೋಟಲೀ ವಿಯರ್ಡ್. ಗಾಡಿನೇ ಮನಿ. ಗ್ರೀಕರಂಗ ವೈನಿಗೆ ನೀರು ಬೆರಸ್ತಿರ್ಲಿಲ್ಲ. ಟೆಂಟಿನ್ಯಾಗ ಹೊಗಿ ಹಾಕ್ಕೊಂಡು ಕುಂತ್ರ ಅದಽ ಅವರ ಜಳಕ!"

"ನಿಮ್ಮಪ್ಪ ಚಳಿಗಾಲದಾಗ ಅಷ್ಟೂ ಮಾಡಂಗಿಲ್ಲ ಬಿಡು," ಎಂದಳು ಕಾಶವ್ವ.

"ಬ್ಯಾರೆ ಮಂದಿ ಪದ್ಧತಿ ಅಂದ್ರ ಸಿಥಿಯನ್ಸಿಗೆ ಹೇಟ್. ಅವರ ಒಬ್ಬ ರಾಜಗ ಗ್ರೀಕ್ ಲೈಫ್ ಇಷ್ಟ. ಸೈನ್ಯ ಗ್ರೀಕರ ಊರ ಹೊರಗ ಬಿಟ್ಟು, ಗೇಟ್ ಹಾಕಿಸಿ, ತನ್ನ ಅರಿವಿ ಬಿಚ್ಚಿ ಅವರ ಅರಿವಿ ಹಾಕ್ಕೋತಿದ್ದ. ಒಬ್ಬಾಂವ ಚಾಡಿ ಹೇಳಿದ. ಸ್ವಂತ ತಮ್ಮನಽ ಅವನ ತಲಿ ಹೊಡಿಸಿದ!"

ಕಾಶವ್ವನ ಕೈ ಹಿಟ್ಟಿನಲ್ಲೇ ನಿಂತಿತು.

"ಇದನ್ನ ಬರದಾವ್ರು ಯಾರವಾ?" ಪಾರ್ವತೆವ್ವ ಕೇಳಿದಳು.

"ಗ್ರೀಕ್ಸ್. ಸಿಥಿಯನ್ಸ್ ಏನೂ ಬರದಿಡ್ಲಿಲ್ಲ."

"ಹಂಗಾರ ಅದು ದೂರ ನಿಂತು ನೋಡಿದಾವ್ರ ಮಾತು. ಆ ರಾಜ ಬಿಚ್ಚಿದ ಅರಿವಿ ಎಲ್ಲಿಡ್ತಿದ್ದ?"

"ಬುಕ್ಕಿನಾಗ ಇಲ್ಲ, ಆಯಿ."

ಪಾರ್ವತೆವ್ವ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ನೀ ಎಲ್ಲಿಡ್ತಿ, ಕಾಶವ್ವಾ?"

ಕಾಶವ್ವ ಹಿಟ್ಟಿನ ಪಾತ್ರೆ ಪಕ್ಕಕ್ಕೆ ಸರಿಸಿದಳು.

"ಲಾಕರಿನ್ಯಾಗ, ಅತ್ತಿ."

"ಕೀಲಿ?"

ಹಿಟ್ಟಿನ ಕೈಯಲ್ಲೇ ಕಾಶವ್ವ ಕಿಸೆಯಿಂದ ಸಣ್ಣ ಕೀಲಿ ತೆಗೆದು ತೋರಿಸಿದಳು. ಅತ್ತೆ ಅದನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟಳು.

"ಬಂದ ಎರಡನೇ ದಿನಾನಽ ನಿನ್ನ ಹಣಿ ಮ್ಯಾಲೆ ಟೋಪಿ ಗೆರಿ ನೋಡೀನಿ. ಕುಂಕುಮ ಹೊಸದು, ಗೆರಿ ಹಳೇದು. ಕೆಲಸಕ್ಕ ಎಲ್ಲಾ ತಗದಿಡ್ತಿ ಅಂತ ತಿಳೀತು. ನೀನಽ ಹೇಳ್ತಿ ಅಂತ ಸುಮ್ಮನಿದ್ದೆ. ಆ ಸ್ವೆಟರ್ ತಗಿ, ಕುದ್ದು ಹೋಗ್ತಿ."

ಕಾಶವ್ವ ಕೈ ತೊಳೆದು ಸ್ವೆಟರ್ ತೆಗೆದಳು. ಬರಿದಾದ ಕೊರಳನ್ನು ಅತ್ತೆ ಒಮ್ಮೆ ನೋಡಿದಳು, ಮತ್ತೆ ಮೆಂತ್ಯದ ಕಡೆ ತಿರುಗಿದಳು.

"ಒಂದು ತಂಬಿಗಿ ನೀರು ಕೊಡು," ಎಂದಳು.