ಸಕ್ಕರೆ ಆರತಿಯಲ್ಲಿ ಕೆಂಪು ಬೂಟಿನವಳು

ಅವಳು ನಮ್ಮ ಮನೆಗೆ ಮೊದಲ ಸಲ ಬಂದದ್ದು ರದ್ದಿ ಕಾಗದವಾಗಿ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮದು ಸಕ್ಕರೆ ಗೊಂಬೆ ಮಾಡುವ ಮನೆ. ವರ್ಷದ ಉಳಿದ ದಿನಗಳಲ್ಲಿ ಅಪ್ಪ ಖಾರ, ಬೆಂಡು ಬತ್ತಾಸು ಮಾರುತ್ತಿದ್ದ. ದೀಪಾವಳಿ ಮುಗಿದು ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ಅಜ್ಜಿಯಿಂದ ಹಿಡಿದು ಮನೆ ಮಂದಿಯೆಲ್ಲ ಪಾಕದ ಒಲೆಯ ಮುಂದೆ. ನಮ್ಮ ಸೀಮೆಯಲ್ಲಿ ಆ ಹುಣ್ಣಿಮೆಗೆ ಹೆಣ್ಣುಮಕ್ಕಳು ತಟ್ಟೆಯ ತುಂಬ ಸಕ್ಕರೆಯ ಆನೆ, ಕುದುರೆ, ಒಂಟೆ, ನವಿಲು ಇಟ್ಟು, ನಡುವೆ ದೀಪ ಹಚ್ಚಿ, ಗುಡಿಗೆ ಹೋಗಿ ಗೌರಮ್ಮನಿಗೆ ಆರತಿ ಬೆಳಗುತ್ತಾರೆ. ಬೆಳಗಿದ ಮೇಲೆ ಗೊಂಬೆಗಳನ್ನು ಮುರಿದು, ಹಂಚಿಕೊಂಡು ತಿನ್ನುತ್ತಾರೆ. ಗಿರಾಕಿಗಳಿಗೆ ಗೊಂಬೆ ಸುತ್ತಿಕೊಡಲು ಅಪ್ಪ ಬಸ್ ನಿಲ್ದಾಣದ ಹತ್ತಿರದ ರದ್ದಿ ಅಂಗಡಿಯಿಂದ ಹಳೇ ಪೇಪರಿನ ಕಟ್ಟು ತರುತ್ತಿದ್ದ. ನನಗೆ ಹತ್ತು ವರ್ಷವಿದ್ದಾಗ ಅಂಥದೊಂದು ಕಟ್ಟಿನಲ್ಲಿ ಹಿಂದಿ ಕಾಮಿಕ್ಸ್ ಪುಸ್ತಕಗಳು ಬಂದವು.

ಅದರಲ್ಲಿದ್ದಳು ಅವಳು. ಕೆಂಪು ಬೂಟು, ಸೊಂಟಕ್ಕೆ ಹಗ್ಗ, ಎತ್ತಿದ ಬಲಗೈ. ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಾಳೆ, ಮೂರು ಗಂಡಾಳುಗಳನ್ನು ಒಂದೇ ಒದೆಗೆ ಮಲಗಿಸುತ್ತಾಳೆ. ಅರ್ಧದಷ್ಟು ಪುಟಗಳು ಆಗಲೇ ಆನೆ, ಒಂಟೆಗಳ ಮೈಗೆ ಸುತ್ತಿಕೊಂಡು ಊರೆಲ್ಲ ಹಂಚಿಹೋಗಿದ್ದವು. ಉಳಿದವನ್ನು ನಾನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಹಿಂದಿ ಓದಲು ಬರುತ್ತಿರಲಿಲ್ಲ. ಅದೊಂದು ದೊಡ್ಡ ಅನುಕೂಲವೇ ಆಯಿತು. ಅವಳ ಮಾತುಗಳನ್ನೆಲ್ಲ ನಾನೇ ನಮ್ಮೂರ ಭಾಷೆಯಲ್ಲಿ ಕಟ್ಟಿದೆ. ಕಳ್ಳನ ಎದೆಯ ಮೇಲೆ ಕಾಲಿಟ್ಟು ಅವಳು, "ಯಾಕಲೇ, ಮೈಯಾಗ ಹೆಂಗೈತಿ?" ಅನ್ನುತ್ತಿದ್ದಳು. ಕಳೆದುಹೋದ ಪುಟಗಳ ಕತೆಯೂ ನನ್ನದೇ.

ಆ ಕತೆ ಕೇಳಲು ಒಬ್ಬಳೇ ಒಬ್ಬಳು ಇದ್ದಳು. ಕಂಪ್ಲಿಯ ಅತ್ತೆಯ ಮಗಳು, ಅಂದರೆ ಅಪ್ಪನ ತಂಗಿಯ ಮಗಳು. ನನಗಿಂತ ಎರಡು ವರ್ಷ ಚಿಕ್ಕವಳು. ಅಂಜುಬುರುಕಿ ಅಂದರೆ ಅಂಜುಬುರುಕಿ. ಯಾರಾದರೂ ಹೆಸರು ಕೇಳಿದರೂ ಅವ್ವನ ಸೀರೆ ಸೆರಗಿನೊಳಗೆ ಮುಖ ಹುದುಗಿಸುತ್ತಿದ್ದಳು. ಶಾಲೆಯಲ್ಲಿ ಹಾಜರಿ ಕರೆದರೂ ಬಾಯಿ ಬಿಡುತ್ತಿರಲಿಲ್ಲವಂತೆ. ನನ್ನ ಕತೆಗಳನ್ನು ಮಾತ್ರ ಕಣ್ಣರಳಿಸಿ ಕೇಳುತ್ತಿದ್ದಳು. ಒಮ್ಮೆ ಪಕ್ಕದ ಮನೆಯ ಟಿವಿಯಲ್ಲಿ ನಮ್ಮ ಕೆಂಪು ಬೂಟಿನವಳ ಕಾರ್ಟೂನು ಬಂತು. ಅಲ್ಲಿ ಅವಳು ಸಣ್ಣ ದನಿಯಲ್ಲಿ, ಭಾಳ ನಾಜೂಕಾಗಿ ಹಿಂದಿ ಮಾತಾಡಿದಳು. ನಮ್ಮಿಬ್ಬರಿಗೂ ನಿರಾಸೆ. "ಅಕ್ಕ, ಇಕಿ ಯಾರೋ ಬ್ಯಾರೆ. ನಮ್ಮಾಕಿ ಹಿಂಗ ಮಾತಾಡಂಗಿಲ್ಲ," ಎಂದಳು ಅವಳು. ಈಗ ನನ್ನ ಮಗಳು ಮೊಬೈಲಿನಲ್ಲಿ ನೋಡುವ ಇಂಥ ಹುಡುಗಿಯರ ಸೊಂಟ ಕಂಡರೆ, ಇವರನ್ನು ಕೂರಿಸಿ ಒಂದು ಹೊತ್ತು ಉಣ್ಣಲಿಕ್ಕೆ ಹಾಕೋಣ ಅನ್ನಿಸುತ್ತದೆ. ನಮ್ಮವಳು ತೋಳು ತೊಡೆ ತುಂಬಿಕೊಂಡು ಗಟ್ಟಿಮುಟ್ಟಾಗಿದ್ದಳು.

ಮರುವರ್ಷ ಗೌರಿ ಹುಣ್ಣಿಮೆಗೆ ಎರಡು ದಿನ ಮುಂಚೆ ಅತ್ತೆ ತನ್ನ ಮಗಳನ್ನು ಕರೆದುಕೊಂಡು ಬಂದಳು. ಆ ಸಲ ಹುಡುಗಿ ಮೊದಲ ಬಾರಿಗೆ ತಾನೇ ತಟ್ಟೆ ಹಿಡಿದು ಆರತಿ ಬೆಳಗಬೇಕಿತ್ತು. ಅಷ್ಟು ಜನರ ಮುಂದೆ ಇವಳು ನಡೆಯುತ್ತಾಳೋ ಇಲ್ಲವೋ ಎಂದು ಅತ್ತೆಗೆ ಜೀವ ಹಿಡಿಯಷ್ಟಾಗಿತ್ತು. ಆದರೆ ಬಸ್ಸಿನಿಂದ ಇಳಿದ ಹುಡುಗಿಯ ಕೈಯಲ್ಲಿ ಅವಳಿದ್ದಳು! ಗೇಣುದ್ದದ ಪ್ಲಾಸ್ಟಿಕ್ ಗೊಂಬೆ, ಅದೇ ಕೆಂಪು ಬೂಟು, ಅದೇ ಎತ್ತಿದ ಕೈ. ಅವಳಪ್ಪ ಬಳ್ಳಾರಿಗೆ ಹೋದಾಗ ತಂದುಕೊಟ್ಟದ್ದಂತೆ. ಗೊಂಬೆ ಕೈಯಲ್ಲಿದ್ದರೆ ಹುಡುಗಿ ಬೇರೆಯೇ. ನಮ್ಮಪ್ಪನಿಗೆ ಎದುರು ನಿಂತು, "ಮಾಮ, ನಂಗ ದೊಡ್ಡ ಆನಿ ಬೇಕು," ಎಂದು ಕೇಳಿದಳು. ಅತ್ತೆ ನನ್ನ ಅವ್ವನ ಕಿವಿಯಲ್ಲಿ, "ಅದನ್ನ ಹಿಡ್ಕೊಂಡ್ರ ಮಾತಾಡ್ತಾಳ, ಇಲ್ಲಂದ್ರ ಇಲ್ರೀ ವೈನಿ," ಎಂದಳು.

ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳೇಕೆ ಹೇಳಲಿ? ಕತೆ ಕಟ್ಟಿದವಳು ನಾನು, ಗೊಂಬೆ ಮಾತ್ರ ಅವಳಿಗೆ. ಗೊಂಬೆಯನ್ನು ತಿರುಗಿಸಿ ನೋಡಿದೆ. ನೆತ್ತಿಯಿಂದ ಬೂಟಿನವರೆಗೆ ಎರಡೂ ಪಕ್ಕದಲ್ಲಿ ಒಂದು ಸಣ್ಣ ಗೆರೆ. ಒಳಗೆ ಟೊಳ್ಳು. ಬೇರೆ ಮನೆಯ ಮಕ್ಕಳಿಗೆ ಅದು ಬರೀ ಗೆರೆ. ಸಕ್ಕರೆ ಗೊಂಬೆಯ ಮನೆಯಲ್ಲಿ ಹುಟ್ಟಿದ ನನಗೆ ಅದು ಅಚ್ಚು! ನಮ್ಮ ಮರದ ಅಚ್ಚುಗಳೂ ಹಾಗೆಯೇ ಎರಡು ಹೋಳು. ಅವನ್ನು ನೀರಲ್ಲಿ ನೆನೆಸಿ, ಜೋಡಿಸಿ, ದಾರದಿಂದ ಬಿಗಿದು, ಪಾಕ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಆನೆ. ಹಾಗಿದ್ದ ಮೇಲೆ ಇವಳನ್ನು ಬಿಚ್ಚಿ, ಹೊಯ್ದು, ಮತ್ತೆ ಕೂಡಿಸಿದರೆ ಅವಳಿಗೊಂದು, ನನಗೊಂದು. ನನ್ನ ಆರತಿ ತಟ್ಟೆಯಲ್ಲಿ ಆನೆ ಒಂಟೆಗಳ ನಡುವೆ ಕೆಂಪು ಬೂಟಿನವಳು ನಿಂತಂತೆ ಕಣ್ಣಿಗೆ ಕಟ್ಟಿತು.

ಹುಣ್ಣಿಮೆಯ ದಿನ ಬೆಳಿಗ್ಗೆ ಹುಡುಗಿ ಜಳಕಕ್ಕೆ ಹೋದಾಗ ಈಳಿಗೆಯ ಅಂಚಿಗಿಟ್ಟು ಗೊಂಬೆಯನ್ನು ಗೆರೆಯಗುಂಟ ಸೀಳಿದೆ. ಕೇಳಲಿಲ್ಲ. ಕೇಳಿದರೆ ಕೊಡುವುದಿಲ್ಲವೆಂದು ಗೊತ್ತಿತ್ತು. ಶಾಸ್ತ್ರಕ್ಕೆ ತಪ್ಪಬಾರದೆಂದು ಎರಡೂ ಹೋಳುಗಳನ್ನು ಬಕೆಟ್ಟಿನ ನೀರಲ್ಲಿ ಅದ್ದಿದೆ. ದಾರ ಸುತ್ತಿ ತಲೆಕೆಳಗಾಗಿ ಹಿಡಿದು, ಬೂಟಿನ ತಳದ ತೂತಿನಿಂದ, ಅಜ್ಜಿ ಆಗಷ್ಟೇ ಇಳಿಸಿದ ಪಾಕವನ್ನು ಹೊಯ್ದೆ.

ಕುದಿಯುವ ಪಾಕಕ್ಕೆ ಪ್ಲಾಸ್ಟಿಕ್ಕು ನಿಲ್ಲುತ್ತದೆಯೇ? ಮೊದಲು ಮೂಗು ಹೋಯಿತು, ಆಮೇಲೆ ಇಡೀ ಮುಖ ಒಂದು ಕಡೆಗೆ ಇಳಿಯಿತು. ವಾಸನೆ ಬಂದು ಅಜ್ಜಿ ತಿರುಗಿದಳು. ಅಷ್ಟರಲ್ಲಿ ಜಳಕ ಮುಗಿಸಿ ಒದ್ದೆ ತಲೆಯಲ್ಲಿ ಅವಳೂ ಬಾಗಿಲಲ್ಲಿ ನಿಂತಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನದು ಹಾಗಾಯಿತು.

ಅವಳು ಅಳಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿಯಿತ್ತು. ಸೊಟ್ಟಗಾದ ಗೊಂಬೆಯನ್ನು ನೋಡಿದಳು, ನನ್ನನ್ನು ನೋಡಿದಳು, ಹೋಗಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಆಮೇಲೆ ಯಾರು ಕರೆದರೂ ತುಟಿ ಪಿಟಕ್ಕೆನ್ನಲಿಲ್ಲ. ಊಟವಿಲ್ಲ. ಹೊಸ ಲಂಗ ತೋರಿಸಿದರೂ ತಿರುಗಲಿಲ್ಲ. "ಸಂಜಿಗೆ ಹೆಂಗ ಮಾಡ್ಲವ್ವಾ?" ಎಂದು ಅತ್ತೆ ಅಜ್ಜಿಯ ಮುಂದೆ ಕಣ್ಣೊರೆಸಿಕೊಂಡಳು. ನಾನು ಹತ್ತು ಸಲ ತಪ್ಪಾಯಿತು ಅಂದೆ. ಗೋಡೆಗೆ ಹೇಳಿದಂತಾಯಿತು. ಇನ್ನು ಜೀವಮಾನದಲ್ಲಿ ಅವಳು ನನ್ನ ಜೊತೆ ಮಾತಾಡುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಅಜ್ಜಿ ನನಗೆ ಹೊಡೆಯಲಿಲ್ಲ. "ಕಟ್ಟಿಗಿ ನೀರು ಕುಡೀತೈತಿ, ಅದಕ್ಕ ಪಾಕ ತಡ್ಕೊಂತೈತಿ. ಪ್ಲಾಸ್ಟಿಕ್ ಏನು ಕುಡೀತೈತಿ, ನಿನ್ನ ತಲಿ!" ಎಂದಳಷ್ಟೆ. ಅವಳಿಗೆ ಆ ಹೊತ್ತಿನಲ್ಲೂ ಕೆಲಸದ ತಪ್ಪೇ ದೊಡ್ಡದು. ಆಮೇಲೆ ಗೊಂಬೆಯನ್ನು ತಣ್ಣೀರಲ್ಲಿಟ್ಟು, ಆರಿದ ಪ್ಲಾಸ್ಟಿಕ್ಕನ್ನು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಮೆಲ್ಲಗೆ ಸುಲಿದಳು. ಒಳಗೆ ಸಕ್ಕರೆ ಗಟ್ಟಿಯಾಗಿ ನಿಂತಿತ್ತು. ಬೂಟು ಸರಿಯಾಗಿತ್ತು, ಸೊಂಟದ ಹಗ್ಗವೂ ಮೂಡಿತ್ತು, ಎತ್ತಿದ ಕೈ ಮೊಣಕೈಯಲ್ಲಿ ಮುರಿದಿತ್ತು. ಮುಖವೊಂದು ಇರಲಿಲ್ಲ. ಮುರಿದ ಕೈಯನ್ನು ಅಜ್ಜಿ ಪಾಕ ಹಚ್ಚಿ ಕೂಡಿಸಿದಳು. ಗೊಂಬೆಯನ್ನು ಅಂಗೈ ಮೇಲಿಟ್ಟುಕೊಂಡು ಮೂಲೆಗೆ ಹೋಗಿ, ಹುಡುಗಿಯ ಪಕ್ಕದಲ್ಲಿ ಕೂತು, "ಮೂಗು ಕಣ್ಣು ಮೂಡ್ಸಾಕ ನನ್ನ ಕೈಲಿ ಆಗಂಗಿಲ್ಲವ್ವ. ಉಳಿದಿದ್ದೆಲ್ಲ ಗಟ್ಟಿ ಐತಿ, ನೋಡು," ಎಂದಳು.

ಹುಡುಗಿ ಗೊಂಬೆಯ ಬೂಟು, ಕೈ ಮುಟ್ಟಿ ನೋಡಿದಳು. ಆಮೇಲೆ ಎದ್ದು ಲಂಗ ಉಟ್ಟುಕೊಂಡಳು. ಮಾತು ಮಾತ್ರ ಬರಲಿಲ್ಲ.

ಸಂಜೆ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳ ತಟ್ಟೆಯಲ್ಲಿ ದೊಡ್ಡ ಆನೆ, ಎರಡು ಕುದುರೆ, ನಡುವೆ ಮುಖವಿಲ್ಲದೆ ಕೈಯೆತ್ತಿ ನಿಂತವಳು. ಸಾಲಿನಲ್ಲಿ ಮುಂದೆ ನಿಂತಿದ್ದ ಒಬ್ಬ ಹಿರಿಯ ಹೆಂಗಸು ತಿರುಗಿ ಬಗ್ಗಿ ನೋಡಿ, "ಇದ್ಯಾವ ದೇವ್ರವ್ವ? ಮುಖಾನ ಇಲ್ಲಲ್ಲ!" ಎಂದಳು. ಸುತ್ತಲಿನವರೆಲ್ಲ ನೋಡಿದರು. ಉತ್ತರ ಕೊಡಲು ನಾನು ಬಾಯಿ ತೆರೆದೆ. ಅಜ್ಜಿ ನನ್ನ ತೋಳು ಚಿವುಟಿದಳು.

"ದೇವ್ರಲ್ಲ," ಎಂದಳು ಹುಡುಗಿ. ದನಿ ಸಣ್ಣಗಿತ್ತು. ಆಮೇಲೆ ಗುಡಿಗೆಲ್ಲ ಕೇಳುವಂತೆ, "ನಮ್ಮಾಕಿ. ಮುಖ ನಮ್ಮಕ್ಕ ಕೆಡಿಸ್ಯಾಳ. ಆದ್ರೂ ಹೊಡದಾಡ್ತಾಳ!" ಎಂದಳು.

ಹೆಂಗಸರು ಗೊಳ್ಳೆಂದು ನಕ್ಕರು. ಅತ್ತೆಯೂ ನಕ್ಕಳು, ಕಣ್ಣಲ್ಲಿ ನೀರು. ನಾನು ನಾಚಿಕೆಯಿಂದ ನೆಲ ನೋಡಿದೆ. ಅವಳು ಅವ್ವನ ಸೆರಗಿಗೆ ಕೈ ಹಾಕದೆ, ನೆಟ್ಟಗೆ ನಡೆದು ಹೋಗಿ ಆರತಿ ಬೆಳಗಿ ಬಂದಳು.

ಗುಡಿಯ ಕಟ್ಟೆಯ ಮೇಲೆ ಕೂತು ಎಲ್ಲರೂ ಗೊಂಬೆ ಮುರಿದರು. ಅವಳು ಆನೆ ಹಂಚಿದಳು, ಕುದುರೆ ಹಂಚಿದಳು. ನನ್ನನ್ನು ಬಿಟ್ಟು. ಕೆಂಪು ಬೂಟಿನವಳನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಬೂಟಿನಿಂದ ಶುರುಮಾಡಿ ಕಟುಂ ಕಟುಂ ಎಂದು ತಾನೇ ಕಡಿಯತೊಡಗಿದಳು. ನಾನು ಸರಿದು ಸರಿದು ಪಕ್ಕಕ್ಕೆ ಹೋಗಿ ಕೂತೆ.

"ನಂಗೊಂದು ಚೂರು ಕೊಡ," ಎಂದೆ.

"ಕೊಡಂಗಿಲ್ಲ." ಬೆಳಗಿನಿಂದ ಅವಳು ನನಗೆ ಆಡಿದ ಮೊದಲ ಮಾತು. ಎತ್ತಿದ ಕೈಯನ್ನೂ ತಿಂದು, ಬೆರಳು ಚೀಪಿ, ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡಳು. "ಈಗ ಅಕಿ ಇಲ್ಲಿ ಅದಾಳ. ಇನ್ನ ನಿಂಗ ಅಕಿನ್ನ ಕೊಯ್ಯಾಕ ಬರಂಗಿಲ್ಲ," ಎಂದಳು.

ಅಷ್ಟು ಜನರ ನಡುವೆ ನಾನು ಜೋರಾಗಿ ಅತ್ತುಬಿಟ್ಟೆ. ಅಳಬೇಡ ಎಂದು ಅವಳು ಹೇಳಲಿಲ್ಲ. ಆದರೆ ನನ್ನ ಪಕ್ಕದಿಂದ ಎದ್ದೂ ಹೋಗಲಿಲ್ಲ.